ಹಿತ್ತಲ ಕೊಳಕ್ಕೊಂದು ಫಿಲ್ಟರ್ ಡ್ರಮ್ಮು

ಹಿತ್ತಲ ಕೊಳದ ಫಿಲ್ಟರ್‌ಗೆ ಪ್ಲಾಸ್ಟಿಕ್ ಡ್ರಮ್ಮು, ಸ್ಪಂಜು, ಜಲ್ಲಿಕಲ್ಲು, ನೀರಲ್ಲಿ ಮುಳುಗಿಸಿಡುವ ಪುಟ್ಟ ಪಂಪು ಸಾಕು. 1000 ಲೀಟರಿನ ಕೊಳಕ್ಕೆ ಗಂಟೆಗೆ 500ರಿಂದ 1000 ಲೀಟರ್ ಎತ್ತುವ ಪಂಪು ಹೊಂದುತ್ತದೆ. ಪಂಪು ಡ್ರಮ್ಮಿನ ತಳಕ್ಕೆ ಬಿಟ್ಟ ನೀರು ಮೇಲೇರುವಾಗ ಕಸರು ಸ್ಪಂಜಿನಲ್ಲೇ ಉಳಿಯುತ್ತದೆ. ನಿಜವಾದ ಸೊಗಸಿರುವುದು ಅದರ ಮೇಲಿನ ಜಲ್ಲಿಯಲ್ಲಿ. ಕಲ್ಲಿಗೆ ತೆಳ್ಳಗೆ, ಲೋಳೆಲೋಳೆಯಾಗಿ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಕೊನೆಯದು ಗಿಡಕ್ಕೆ ಗೊಬ್ಬರ. ಡ್ರಮ್ಮಿನ ಬಾಯಲ್ಲಿ ನೆಟ್ಟ ಕಾಬಾಳೆ, ಕೆಸು ಅದನ್ನು ಹೀರಿ ಸೊಂಪಾಗಿ ಬೆಳೆಯುತ್ತವೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ! ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯತನಕ ಮೀನು ಕಡಿಮೆಯಿರಲಿ. ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕಾದ್ದರಿಂದ ಪಂಪು ರಾತ್ರಿಯೂ ಓಡುತ್ತಿರಬೇಕು. ಸ್ಪಂಜನ್ನು ಕೊಳದ ನೀರಲ್ಲೇ ಹಿಂಡಬೇಕು; ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.