ತಾಳ ಹಾಕಿಕೊಂಡು ಗಿಟಾರ್ ಕೇಳಿ: ಪ್ರೋಗ್ರೆಸಿವ್ ರಾಕ್‌ಗೆ ಹೊಸಬರಾದ ರಸಿಕರಿಗೊಂದು ಕೈಪಿಡಿ

ರಾಕ್ ಎಂದರೆ ಬರೀ ಗದ್ದಲ ಎಂದುಕೊಂಡವರು ಮಾರೇನಹಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರದೇನೂ ತಪ್ಪಿಲ್ಲ. ಬೆಂಗಳೂರಿನ ವಿಜಯನಗರದ ಈ ಬದಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಿವಿಗೆ ಬೀಳುವುದು ಅಣ್ಣಮ್ಮನ ಉತ್ಸವಕ್ಕೋ ರಾಜ್ಯೋತ್ಸವಕ್ಕೋ ಬೀದಿಯಲ್ಲಿ ಏರ್ಪಡಿಸಿದ ಆರ್ಕೆಸ್ಟ್ರಾದಲ್ಲಿ. ಅಲ್ಲಿ ಸ್ಪೀಕರ್‌ಗಳದ್ದೇ ಕಾರುಬಾರು. ಗಿಟಾರಿನವನು ಏನು ನುಡಿಸಿದ ಎನ್ನುವುದು ಪಕ್ಕದಲ್ಲೇ ನಿಂತ ಕೀಬೋರ್ಡಿನವನಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ಇದೇ ಬೀದಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಕಛೇರಿ ಕೇಳುವವರೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ಪ್ರೋಗ್ರೆಸಿವ್ ರಾಕ್‌ನ ಗಿಟಾರ್ ವಾದಕರನ್ನು ಮೆಚ್ಚಲು ಬೇಕಾದ ಅರ್ಧ ತಯಾರಿ ಅವರಿಗೆ ಆಗಲೇ ಆಗಿದೆ.

ನಂಬಿಕೆ ಬಾರದಿದ್ದರೆ ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973) ಹಾಕಿ ಎಣಿಸಿ ನೋಡಿ. ನಮ್ಮ ಕೆಳಗಿನ ಮನೆಯ ವೀಣೆ ಮೇಡಂಗೆ ಇದನ್ನು ಕೇಳಿಸಿದಾಗ ಅವರು ಕುರ್ಚಿಯ ಕೈ ಮೇಲೆ ಬೆರಳು ಮಡಿಸುತ್ತಾ ಕೂತರು. ‘ಏಳಕ್ಕೆ ಹೋಗ್ತಿದೆಯಲ್ಲಪ್ಪ ಇದು’ ಎಂದರು. ಸ್ಯಾಕ್ಸೋಫೋನ್ ಮುಗಿದು ಗಿಟಾರ್ ಶುರುವಾಗುತ್ತಿದ್ದಂತೆ ಬೆರಳು ತಡವರಿಸಿತು. ‘ಇದ್ದಕ್ಕಿದ್ದ ಹಾಗೆ ನಾಲ್ಕಾಯ್ತು, ಯಾಕೆ?’ ಅದೇ ಸರಿಯಾದ ಪ್ರಶ್ನೆ. ಏಳರ ನಡೆಯಲ್ಲಿ ಸೋಲೋ ನುಡಿಸುವ ಕಷ್ಟವನ್ನು ಸ್ಯಾಕ್ಸೋಫೋನಿನ ಡಿಕ್ ಪ್ಯಾರಿಗೆ ಬಿಟ್ಟು, ತಂಡದ ಗಿಟಾರಿಗ ಡೇವಿಡ್ ಗಿಲ್ಮರ್ ನಾಲ್ಕರ ಬಯಲಿಗೆ ಇಳಿದು ಆರಾಮಾಗಿ ಕೈಕಾಲು ಚಾಚಿಕೊಳ್ಳುತ್ತಾರೆ. ಹಾಡು ಮೂರು ನಿಮಿಷ ದಾಟುವ ಹೊತ್ತಿಗೆ ಇದು ನಡೆಯುತ್ತದೆ. ಸೋಲೋದ ನಡುವಿನ ಭಾಗದಲ್ಲಿ ಇನ್ನೊಂದನ್ನು ಗಮನಿಸಿ: ಗಿಟಾರಿನ ಸುತ್ತ ಇದ್ದ ಪ್ರತಿಧ್ವನಿ ಪೂರ್ತಿ ಮಾಯವಾಗುತ್ತದೆ. ಹಿಮ್ಮೇಳವೂ ಸಣ್ಣದಾಗುತ್ತದೆ. ದೊಡ್ಡ ಸಭಾಂಗಣದಲ್ಲಿದ್ದವರು ನಮ್ಮ ಪಕ್ಕದ ಕುರ್ಚಿಗೆ ಬಂದು ನುಡಿಸಿದಂತೆ ಇರುತ್ತದೆ. ಮತ್ತೆ ಪ್ರತಿಧ್ವನಿ ತೆರೆದುಕೊಂಡಾಗ ಆಗುವ ರೋಮಾಂಚನಕ್ಕೆ ಕಾರಣ ವೇಗವಲ್ಲ, ಈ ಏರ್ಪಾಡು.

ಗಿಲ್ಮರ್ ಅವರದು ಮೂಲತಃ ತಂತಿ ಎಳೆಯುವ ಕಲೆ. ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮುಂದಿನ ಸ್ವರ ಹುಟ್ಟಿಸುವುದು ವೀಣೆಯವರಿಗೆ ಹೊಸದೇನಲ್ಲ. ಎಳೆದ ತಂತಿ ಗುರಿಯ ಸ್ವರವನ್ನು ಸರಿಯಾಗಿ ಮುಟ್ಟಿತೇ, ಮುಟ್ಟಿ ಎಷ್ಟು ಹೊತ್ತು ನಿಂತಿತು, ಆಮೇಲೆ ಎಷ್ಟು ಅಲುಗಿತು ಎಂಬುದನ್ನು ‘ಕಂಫರ್ಟಬ್ಲಿ ನಂಬ್’ (1979) ಹಾಡಿನ ಎರಡು ಸೋಲೋಗಳಲ್ಲಿ ನೋಡಿ. ಎರಡನೆಯದಕ್ಕೇ ಜನ ಸಾಯುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ಇಷ್ಟ.

ಪ್ರೋಗ್ರೆಸಿವ್ ರಾಕ್ ಪ್ರಕಾರದ ಹುಟ್ಟಿನ ಬಗ್ಗೆ ಎರಡೇ ಮಾತು. ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ರಾಕ್ ತಂಡಗಳು ಮೂರು ನಿಮಿಷದ ಹಾಡಿನ ಬೇಲಿ ಹಾರಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜನಪದ ಎಲ್ಲವನ್ನೂ ಒಳಗೆ ಬಿಟ್ಟುಕೊಂಡವು. 1969ರ ಅಕ್ಟೋಬರಿನಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಇದಕ್ಕೆ ಬಾಗಿಲು ತೆರೆಯಿತು ಎನ್ನುವುದು ವಾಡಿಕೆ. 1972ರಲ್ಲಿ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಎಲ್‌ಪಿ ತಟ್ಟೆಯ ಒಂದು ಇಡೀ ಮಗ್ಗುಲನ್ನು ತಿಂದುಹಾಕಿತು. ಅದೇ ವರ್ಷ ಜೆನೆಸಿಸ್ ತಂಡದ ‘ಸಪ್ಪರ್ಸ್ ರೆಡಿ’ ಸುಮಾರು 23 ನಿಮಿಷ ಓಡಿತು. ಉದ್ದಕ್ಕೆ ಹೆದರಬೇಡಿ. ರಾಗ ತಾನ ಪಲ್ಲವಿ ಮುಗಿಯುವವರೆಗೆ ಕದಲದೆ ಕೂರುವವರಿಗೆ 23 ನಿಮಿಷ ಯಾವ ಲೆಕ್ಕ?

ಉದ್ದ ಇರುವುದರಿಂದಲೇ ಇಲ್ಲಿ ಗಿಟಾರ್ ವಾದಕನನ್ನು ಅಳೆಯುವ ಕೋಲು ಬೇರೆ. ಸಾಮಾನ್ಯ ರಾಕ್‌ನಲ್ಲಿ ಸೋಲೋ ಎಂದರೆ ಗಿಟಾರಿನವನು ಮುಂದೆ ಬಂದು ಕೈಚಳಕ ತೋರಿಸುವ ಸಮಯ. ಪ್ರಾಗ್‌ನಲ್ಲಿ, ಅಭಿಮಾನಿಗಳು ಇದನ್ನು ಕರೆಯುವುದು ಹಾಗೆಯೇ, ಸೋಲೋ ಇಡೀ ಕಟ್ಟಡದ ಒಂದು ಕಂಬ. ತೆಗೆದರೆ ಹಾಡು ಕುಸಿಯಬೇಕು. ಕುಸಿಯದೆ ನಿಂತರೆ ಆ ಸೋಲೋ ಎಷ್ಟೇ ಚುರುಕಾಗಿರಲಿ, ಅದು ಅಲಂಕಾರ.

ಈ ಅಳತೆಯಲ್ಲಿ ನನ್ನ ಮೊದಲ ಮಣೆ ಜೆನೆಸಿಸ್ ತಂಡದ ಗಿಟಾರಿಗ ಸ್ಟೀವ್ ಹ್ಯಾಕೆಟ್ ಅವರಿಗೆ. ಆ ತಂಡದ ‘ಫರ್ತ್ ಆಫ್ ಫಿಫ್ತ್’ (1973) ಒಂಬತ್ತೂವರೆ ನಿಮಿಷದ್ದು. ಟೋನಿ ಬ್ಯಾಂಕ್ಸ್ ಅವರ ಪಿಯಾನೋದಿಂದ ಶುರುವಾಗುತ್ತದೆ. ಮೊದಲ ಹಾಡಿಕೆ ಮುಗಿದ ಮೇಲೆ ಪೀಟರ್ ಗೇಬ್ರಿಯಲ್ ಕೊಳಲಿನಲ್ಲಿ ಒಂದು ವಿಷಾದದ ರಾಗವನ್ನು ಮೆಲ್ಲಗೆ ನುಡಿಸುತ್ತಾರೆ. ಅದನ್ನು ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಿ, ಬೇಕಾದರೆ ಎರಡು ಸಲ ಹಿಂದೆ ಹೋಗಿ ಕೇಳಿ. ಹಾಡು ಐದೂವರೆ ನಿಮಿಷ ದಾಟಿದ ಮೇಲೆ ಹ್ಯಾಕೆಟ್ ಎತ್ತಿಕೊಳ್ಳುವುದು ಅದೇ ಸಾಲನ್ನು. ಈಗ ಅದರ ಹಿಂದೆ ಕೀಬೋರ್ಡಿನ ದೊಡ್ಡ ಅಲೆ ಇದೆ. ಕೊಳಲು ಉಸಿರಿನ ಮಿತಿಯಲ್ಲಿ ಮುಗಿಸಿದ ಸ್ವರವನ್ನು ಗಿಟಾರ್ ಕರಗದಂತೆ ಹಿಡಿದುಕೊಂಡು ನಿಲ್ಲುತ್ತದೆ. ಕೃತಿಯ ಒಂದೇ ಸಾಲನ್ನು ನೆರವಲ್‌ಗೆ ಎತ್ತಿಕೊಂಡ ಗಾಯಕರು ಮಾಡುವ ಕೆಲಸವೇ ಇದು. ಗುರುತಿನ ಸಾಲೇ, ಆದರೆ ಈ ಬಾರಿ ಅದರೊಳಗೆ ಎಷ್ಟು ಜಾಗ ಇತ್ತು ಎಂದು ಗೊತ್ತಾಗುತ್ತದೆ. ಕೊಳಲನ್ನು ಗಮನಿಸದೆ ಗಿಟಾರಿಗೇ ಹಾರಿದವರಿಗೆ ಇದರ ಅರ್ಧ ಸುಖ ತಪ್ಪಿಹೋಗುತ್ತದೆ.

ಬಲಗೈ ಬೆರಳಿನಿಂದಲೂ ಗಿಟಾರಿನ ಕುತ್ತಿಗೆಯ ಮೇಲೆ ತಟ್ಟಿ ಸ್ವರ ಬರಿಸುವ ಟ್ಯಾಪಿಂಗ್ ತಂತ್ರವನ್ನು ಹ್ಯಾಕೆಟ್ 1971ರಲ್ಲೇ ‘ದಿ ರಿಟರ್ನ್ ಆಫ್ ದಿ ಜೈಂಟ್ ಹಾಗ್‌ವೀಡ್’ನಲ್ಲಿ ಬಳಸಿದ್ದರು. ಅದು ಎಡ್ಡಿ ವ್ಯಾನ್ ಹೇಲನ್ ಹೆಸರಿನಲ್ಲಿ ಲೋಕಪ್ರಸಿದ್ಧವಾದದ್ದು 1978ರ ನಂತರ. ಜೆನೆಸಿಸ್ ದಿನಗಳಲ್ಲಿ ಹ್ಯಾಕೆಟ್ ವೇದಿಕೆಯ ಮೇಲೆ ಕೂತೇ ನುಡಿಸುತ್ತಿದ್ದರು, ಯಾರ ಗಮನವನ್ನೂ ಸೆಳೆಯದೆ.

ಕೂತು ನುಡಿಸುವ ಇನ್ನೊಬ್ಬರು ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್. ಇವರನ್ನು ಒಂದೇ ಸಲಕ್ಕೆ ಇಷ್ಟಪಡುವುದು ಕಷ್ಟ, ಇಷ್ಟವಾದ ಮೇಲೆ ಬಿಡುವುದೂ ಕಷ್ಟ. ‘ರೆಡ್’ (1974) ಆಲ್ಬಂನ ಕೊನೆಯಲ್ಲಿ ‘ಸ್ಟಾರ್‌ಲೆಸ್’ ಇದೆ. ಹಾಡಿಕೆ ಮುಗಿದು ನಾಲ್ಕೂವರೆ ನಿಮಿಷದ ಸುಮಾರಿಗೆ ಬಾಸ್ ಹದಿಮೂರರ ನಡೆಗೆ ಇಳಿಯುತ್ತದೆ. ಅದರ ಮೇಲೆ ಫ್ರಿಪ್ ನುಡಿಸುವುದು ಒಂದು ಸ್ವರ. ಒಂದೇ. ಅದನ್ನೇ ಎರಡು ತಂತಿಗಳ ಮೇಲೆ ಬದಲಾಯಿಸುತ್ತಾ ಮೀಟುತ್ತಾರೆ, ನಿಧಾನಕ್ಕೆ ಒಂದೊಂದು ಮೆಟ್ಟಿಲು ಏರುತ್ತಾರೆ. ನಿಮಿಷಗಳು ಕಳೆಯುತ್ತವೆ. ಡ್ರಮ್ಸ್ ಕಾವೇರುತ್ತದೆ. ಏನಾದರೂ ಆಗಲಿ ಎಂದು ನಾವೇ ಕುರ್ಚಿಯ ತುದಿಗೆ ಬರುತ್ತೇವೆ. ಬೆರಳು ಎಷ್ಟು ವೇಗವಾಗಿ ಓಡಿತು ಎಂಬ ಲೆಕ್ಕ ಇಡುವವರು ಇದನ್ನು ಒಮ್ಮೆ ಕೇಳಬೇಕು.

ವೇಗವೂ ಲೆಕ್ಕವೂ ಬೇಕೆಂದರೆ ಅದೇ ತಂಡದ ‘ಫ್ರೇಮ್ ಬೈ ಫ್ರೇಮ್’ (1981) ಇದೆ. ಫ್ರಿಪ್ ಮತ್ತು ಏಡ್ರಿಯನ್ ಬೆಲ್ಯೂ ಎಂಬ ಎರಡನೇ ಗಿಟಾರಿಗ ಏಳರ ಒಂದೇ ಪಟ್ಟನ್ನು ಜೊತೆಜೊತೆಯಾಗಿ ಹಿಡಿಯುತ್ತಾರೆ. ಆಮೇಲೆ ಒಬ್ಬರು ಹದಿನಾಲ್ಕರಲ್ಲಿ ಒಂದು ಸ್ವರ ಕೈಬಿಟ್ಟು ಹದಿಮೂರು ಮಾಡಿಕೊಳ್ಳುತ್ತಾರೆ. ಪ್ರತಿ ಸುತ್ತಿಗೂ ಇಬ್ಬರ ನಡುವಿನ ಅಂತರ ಒಂದೊಂದೇ ಸ್ವರ ಹೆಚ್ಚುತ್ತಾ ಹೋಗಿ, ಕಡೆಗೆ ಇಬ್ಬರೂ ಒಂದೇ ಕಡೆ ಬಂದು ಸೇರುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟದವರು ಲೆಕ್ಕ ಹಾಕಿ ಸಮಕ್ಕೆ ಬಂದು ನಿಂತಾಗ ‘ಭೇಷ್’ ಎನ್ನುವವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕೆನಡಾದ ರಷ್ ತಂಡದ ‘ವೈವೈಝೆಡ್’ (1981) ಇನ್ನೂ ತಮಾಷೆಯದು. ಟೊರಾಂಟೊ ವಿಮಾನ ನಿಲ್ದಾಣದ ಸಂಕೇತದ ಮೂರು ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ತಟ್ಟುವುದೇ ಅದರ ಆರಂಭ. ಗೆರೆಗೆ ಎರಡು, ಚುಕ್ಕೆಗೆ ಒಂದು ಮಾತ್ರೆ ಎಂದು ಎಣಿಸಿ: ಮೊದಲ ಅಕ್ಷರ ಏಳು, ಎರಡನೆಯದು ಏಳು, ಮೂರನೆಯದು ಆರು. ಒಟ್ಟು ಇಪ್ಪತ್ತು, ಅಂದರೆ ನಾಲ್ಕು ಮಾತ್ರೆಯ ಐದು ಏಟು. ಛಂದಸ್ಸಿನ ತರಗತಿಯಲ್ಲಿ ಗುರು ಲಘು ಹಾಕಿ ಬೇಸತ್ತವರು ಇಲ್ಲಿ ಸೇಡು ತೀರಿಸಿಕೊಳ್ಳಬಹುದು. ರಷ್‌ನ ಗಿಟಾರಿಗ ಅಲೆಕ್ಸ್ ಲೈಫ್‌ಸನ್ ಅವರ ದೊಡ್ಡತನ ಇರುವುದು ಮೂವರೇ ಇರುವ ತಂಡದಲ್ಲಿ ಖಾಲಿ ಅನಿಸದಂತೆ ಜಾಗ ತುಂಬುವುದರಲ್ಲಿ.

ಯೆಸ್ ತಂಡದ ಸ್ಟೀವ್ ಹೌ ಅವರನ್ನು ಮೈಸೂರು ಬಾಣಿಯ ವೀಣೆ ಕೇಳಿ ಬೆಳೆದವರು ಬೇಗ ಹಚ್ಚಿಕೊಳ್ಳುತ್ತಾರೆ ಎಂದು ನನ್ನ ಅಂದಾಜು. ದೊರೆಸ್ವಾಮಿ ಅಯ್ಯಂಗಾರರ ವಾದನದಲ್ಲಿ ಮೀಟು ಹೇಗೆ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಕೇಳುತ್ತದೋ ಹೌ ಅವರ ಬಲಗೈಯೂ ಹಾಗೆ. ‘ರೌಂಡಬೌಟ್’ (1971) ಆರಂಭದ ಗಿಟಾರ್ ಸಾಲುಗಳು ಸಾಕ್ಷಿ. ಕೆಲವೊಮ್ಮೆ ಅವರು ಒಂದೇ ಹಾಡಿಗೆ ನಾಲ್ಕು ಹಾಡಿನ ಸರಕು ತುರುಕುತ್ತಾರೆ ಎಂಬ ದೂರು ನನ್ನದೂ ಹೌದು.

ಡ್ರೀಮ್ ಥಿಯೇಟರ್‌ನ ಜಾನ್ ಪೆಟ್ರುಚಿಯನ್ನು ಕಾಲೇಜು ಹುಡುಗರು ದೇವರ ಪಟದಂತೆ ಇಟ್ಟುಕೊಂಡಿರುತ್ತಾರೆ. ಅವರ ವೇಗದ ವಿಡಿಯೊಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ‘ದಿ ಸ್ಪಿರಿಟ್ ಕ್ಯಾರೀಸ್ ಆನ್’ (1999) ಸಾಕು. ಅಲನ್ ಹೋಲ್ಡ್ಸ್‌ವರ್ತ್ (1946–2017) ಬೇರೆಯದೇ ಜಾತಿ. ಅವರಿಗೆ ಬೇಕಾಗಿದ್ದದ್ದು ಸ್ಯಾಕ್ಸೋಫೋನ್, ಕೈಗೆ ಬಂದದ್ದು ಗಿಟಾರ್. ಹಾಗಾಗಿ ಮೀಟುವ ಸದ್ದೇ ಕೇಳದಂತೆ ಎಡಗೈಯಲ್ಲೇ ಸ್ವರಗಳನ್ನು ಹರಿಸುವ ದಾರಿ ಹಿಡಿದರು. ಯು.ಕೆ. ತಂಡದ ‘ಇನ್ ದ ಡೆಡ್ ಆಫ್ ನೈಟ್’ (1978) ಕೇಳಿ. ಅದೂ ಏಳರ ಲೆಕ್ಕ.

ಇನ್ನು ಜಾನ್ ಮೆಕ್‌ಲಾಫ್ಲಿನ್. ಮಹಾವಿಷ್ಣು ಆರ್ಕೆಸ್ಟ್ರಾದ ಅಬ್ಬರದ ದಿನಗಳ ಬಳಿಕ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆ ‘ಶಕ್ತಿ’ ತಂಡ ಕಟ್ಟಿದವರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತರು. ಶಕ್ತಿಗಾಗಿ ಮಾಡಿಸಿದ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ಹಳ್ಳ ಮಾಡಿಸಿದರು, ತಂತಿ ವೀಣೆಯಂತೆ ಎಳೆಯಲು ಸಿಗಲಿ ಎಂದು. ಶ್ರುತಿಗಾಗಿ ಅಡ್ಡತಂತಿಗಳನ್ನೂ ಹಾಕಿಸಿದರು. ಗಮಕ ಬೇಕಾದರೆ ವಾದ್ಯದ ಮರವನ್ನೇ ಕೆತ್ತಬೇಕು ಎಂದು ಅರಿತವರು ಅವರು.

ನಮ್ಮ ಊರಿನ ತಂಡಗಳನ್ನು ಕೇಳುವಾಗಲೂ ಗಮಕಕ್ಕೆ ಗಿಟಾರ್ ಹೇಗೆ ಜಾಗ ಬಿಡುತ್ತದೆ ಎಂಬ ಪ್ರಶ್ನೆ ಇಟ್ಟುಕೊಳ್ಳಿ. ಕರ್ನಾಟಕ ಸಂಗೀತ ಮತ್ತು ಪ್ರಾಗ್ ಎರಡನ್ನೂ ಕೂಡಿಸಿದ ‘ಅಗಂ’ ಬೆಂಗಳೂರಿನದೇ ತಂಡ. 2012ರಲ್ಲಿ ಮೊದಲ ಆಲ್ಬಂ, 2017ರಲ್ಲಿ ಎರಡನೆಯದು. ಅದರ ಗಾಯಕ ಹರೀಶ್ ಶಿವರಾಮಕೃಷ್ಣನ್ ಅವರ ಕಂಠ ಎಲ್ಲರಿಗೂ ಗೊತ್ತು, ಗಿಟಾರಿನವರ ಕಷ್ಟ ಗೊತ್ತಿಲ್ಲ. ರಾಗದ ಕೆಳಗೆ ಮೂರು ಸ್ವರದ ಕಾರ್ಡ್ ಇಟ್ಟರೆ ಅದರಲ್ಲೊಂದು ಗಾಯಕನ ಗಮಕಕ್ಕೆ ಎಡವುತ್ತದೆ. ರಾಕ್‌ನ ಪವರ್ ಕಾರ್ಡ್‌ನಲ್ಲಿ ಗಾಂಧಾರವೇ ಇಲ್ಲ, ಇರುವುದು ಬರೀ ಷಡ್ಜ ಪಂಚಮ. ತಂಬೂರಿಯದೂ ಅದೇ ಜೋಡಿ. ಗುಡುಗುವ ಗಿಟಾರಿನ ಮೇಲೆ ಅವರ ‘ಧನಾಶ್ರೀ ತಿಲ್ಲಾನ’ ಆಯ ತಪ್ಪದೆ ನಿಲ್ಲುವುದು ಸಾಧ್ಯವಾಗುವುದು ಇದರಿಂದ. 1996ರಿಂದ ನುಡಿಸುತ್ತಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್‌ನ ಬ್ರೂಸ್ ಲೀ ಮಣಿ ಇನ್ನೊಂದು ದಾರಿಯವರು, ಜಾಝ್ ಕಡೆಗೆ ವಾಲಿದವರು. ಹಾಡುತ್ತಲೇ ಅಷ್ಟು ಗಂಟಿನ ಗಿಟಾರ್ ನುಡಿಸುವುದು ಹೇಗೆ ಎಂದು ನೋಡುವುದಕ್ಕಾದರೂ ಅವರ ಎದುರು ನಿಲ್ಲಬೇಕು.

ಮನೆಯಲ್ಲಿ ಕೇಳುವಾಗ ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಬಾಸ್ ಕೇಳುವುದಿಲ್ಲ. ಬಾಸ್ ಕೇಳದಿದ್ದರೆ ತಾಳ ಸಿಗುವುದಿಲ್ಲ. ಸಾಧಾರಣ ಇಯರ್‌ಫೋನ್ ಸಾಕು, ಗೋಡೆ ಹಂಚಿಕೊಂಡ ಮನೆಗಳವರಿಗೂ ಅದೇ ಕ್ಷೇಮ. ಎದುರು ಕೂತು ಕೇಳಬೇಕೆಂದರೆ, ಇಂಥ ತಂಡಗಳ ಕಾರ್ಯಕ್ರಮಗಳು ಹೆಚ್ಚಾಗಿ ಊರಿನ ಪೂರ್ವದ ಕಡೆ ನಡೆಯುತ್ತವೆ. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಇಂದಿರಾನಗರ, ವೈಟ್‌ಫೀಲ್ಡ್‌ಗೆ ಒಂದೇ ರೈಲು, ಬದಲಾಯಿಸಬೇಕಿಲ್ಲ. ಕೊನೆಯ ರೈಲಿನ ಸಮಯ ನೋಡಿಕೊಂಡು ಹೊರಡಿ. ಪ್ರಾಗ್ ತಂಡಗಳು ಹೇಳಿದ ಹೊತ್ತಿಗೆ ಮುಗಿಸುವವರಲ್ಲ.