ಹುಲಿಕೆರೆಯ ನಾಲಾ ಸುರಂಗ : ಒಂದು ವಿಮರ್ಶೆ

ವಾಸ್ತುವಿನ ಚರಿತ್ರೆಯೆಂದೊಡನೆ ದೇವಾಲಯ, ಕೋಟೆ, ಅರಮನೆಗಳನ್ನು ಸ್ಮರಿಸುವುದು ನಮ್ಮ ವಿದ್ವಾಂಸರಲ್ಲಿ ರೂಢಿಯಾಗಿದೆ. ನೀರನ್ನು ಸಾಗಿಸುವ ಕಟ್ಟಡಗಳು ಇಂಜಿನಿಯರುಗಳ ವರದಿಗೆ ಮೀಸಲೆಂಬ ಭಾವನೆ ಇನ್ನೂ ಅಳಿದಿಲ್ಲ. ಅವುಗಳನ್ನು ಕುರಿತು ಬರೆದುದರಲ್ಲಿಯೂ ವಿಚಾರಕ್ಕಿಂತ ಸ್ತುತಿಯೇ ಅಧಿಕ. ಮಂಡ್ಯ ಜಿಲ್ಲೆಯ ಹುಲಿಕೆರೆಯ ಸುರಂಗ ಇದಕ್ಕೆ ಉತ್ತಮ ನಿದರ್ಶನ. ಕೃಷ್ಣರಾಜಸಾಗರದ ಎಡದಂಡೆಯ ವಿಶ್ವೇಶ್ವರಯ್ಯ ನಾಲೆಯು ಸುಮಾರು 2.8 ಕಿಲೋಮೀಟರಿನಷ್ಟು ದೂರ ಇಲ್ಲಿ ನೆಲದೊಳಗೆ ಹರಿಯುತ್ತದೆ. ಇದನ್ನು ಕುರಿತು ಪ್ರಚಲಿತವಾಗಿರುವ ಎರಡು ಮಾತುಗಳನ್ನು ಪರಿಶೀಲಿಸಿ, ಅದರ ನಿಜವಾದ ಹಿರಿಮೆ ಎಲ್ಲಿದೆಯೆಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಏಷ್ಯಾಖಂಡದ ಮೊದಲ ನೀರಾವರಿ ಸುರಂಗವೆಂಬುದು ಮೊದಲನೆಯ ಮಾತು. ಇದು ನಿಲ್ಲಲಾರದು. ಪೆರಿಯಾರ್ ನದಿಯ ನೀರನ್ನು ಘಟ್ಟದ ಬಂಡೆಯ ಮೂಲಕ ವೈಗೈ ಕಣಿವೆಗೆ ತಿರುಗಿಸಿದ ಸುರಂಗವು 1895ರಲ್ಲಿಯೇ ಕಾರ್ಯಾರಂಭ ಮಾಡಿತ್ತು. ಅದರ ಉದ್ದವೂ ಒಂದು ಮೈಲಿಯನ್ನು ಮೀರಿದುದು. ನಮ್ಮ ನಾಡಿನಲ್ಲಿಯೇ ಬೀದರಿನ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಕಾರೇಜ್ ಇದೆ. ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿ, ಅಲ್ಲಲ್ಲಿ ಗಾಳಿಬಾವಿಗಳನ್ನು ತೋಡಿದ ಪಾರಸಿಕ ವಿಧಾನವದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಅಡಕೆ ತೋಟಗಳಿಗೆ ಮುರಕಲ್ಲಿನ ಗುಡ್ಡಗಳಲ್ಲಿ ಕೊರೆದ ಸುರಂಗಗಳು ಇಂದಿಗೂ ನೀರೂಡುತ್ತಿವೆ. ಪರಂಪರೆಯನ್ನು ಮರೆಸಿ ತಂದ ಪ್ರಥಮಸ್ಥಾನದಿಂದ ಹುಲಿಕೆರೆಗೆ ಗೌರವ ಹೆಚ್ಚುವುದಿಲ್ಲ.

ಇಡೀ ಕಾರ್ಯವು ಒಬ್ಬರೇ ಮಹನೀಯರ ಸೃಷ್ಟಿ ಎಂಬುದು ಎರಡನೆಯ ಮಾತು. ಶ್ರೀ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ, ಅಣೆಕಟ್ಟಿನ ಕೆಲಸ ಮೊದಲಾಯಿತೆಂಬುದೂ ಯೋಜನೆಗೆ ಅವರ ದೃಷ್ಟಿಯೇ ಆಧಾರವೆಂಬುದೂ ನಿರ್ವಿವಾದ. ಆದರೆ ಅವರು 1918ರಲ್ಲಿ ದಿವಾನಗಿರಿಯಿಂದ ನಿವೃತ್ತರಾದರು. ಮದರಾಸು ಸರ್ಕಾರದೊಡನೆ 1924ರ ಒಪ್ಪಂದವಾಗಿ, ಕೃಷ್ಣರಾಜಸಾಗರದ ಕೆಳಗೆ 1,25,000 ಎಕರೆ ಹೊಸ ನೀರಾವರಿಗೆ ಮೈಸೂರಿಗೆ ಸಮ್ಮತಿ ದೊರೆತ ಮೇಲೆಯೇ ದೊಡ್ಡ ನಾಲೆಗೆ ದಾರಿ ತೆರೆಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕೆಲಸ ಸಾಗಿತು. ಅಂದಿನ ವೈಸರಾಯ್ ಲಾರ್ಡ್ ಇರ್ವಿನ್ನರ ಹೆಸರು ನಾಲೆಗೆ ಬಂದಿತು, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. ಎರಡು ಹೆಸರುಗಳಲ್ಲಿ ಒಂದು ಅಧಿಕಾರವನ್ನೂ ಮತ್ತೊಂದು ಪ್ರತಿಭೆಯನ್ನೂ ಸ್ಮರಿಸುತ್ತದೆ. ಕತ್ತಲೆಯಲ್ಲಿ ಬಂಡೆಯನ್ನು ಸಿಡಿಸಿ, ಕಲ್ಲು ಹೊತ್ತು, ಗಾರೆ ಅರೆದವರನ್ನು ಎರಡೂ ಹೆಸರಿಸುವುದಿಲ್ಲ. ಚರಿತ್ರಕಾರನಾದರೂ ಈ ಮರೆವಿಗೆ ಪಾಲುಗಾರನಾಗಬಾರದು.

ಹಾಗಾದರೆ ಈ ಸುರಂಗದ ಹಿರಿಮೆ ಯಾವುದು? ಹಳೆಯ ನಾಲೆಗಳೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಸುತ್ತಲಿನ ವಿರಿಜಾ, ಚಿಕ್ಕದೇವರಾಯಸಾಗರ ನಾಲೆಗಳು ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಗಳಿಂದ ಹೊರಟು, ನೆಲದ ಮಟ್ಟವನ್ನು ಅನುಸರಿಸುತ್ತ ಹೊಳೆಯ ಮಗ್ಗುಲಲ್ಲಿಯೇ ಸಾಗುತ್ತವೆ. ಕಣಿವೆಯಾಚೆಯ ದಿಣ್ಣೆಯನ್ನು ಅವು ದಾಟಲಾರವು. ಆದುದರಿಂದ ಮಂಡ್ಯದ ಬಯಲು ಕಾವೇರಿಯ ಸಮೀಪದಲ್ಲಿದ್ದರೂ ಮಳೆಯನ್ನೂ ಕೆರೆಯನ್ನೂ ನಂಬಿ ಬದುಕಬೇಕಾಗಿತ್ತು. ಎತ್ತರದ ಅಣೆಕಟ್ಟು ನೀರಿನ ಮಟ್ಟವನ್ನು ಏರಿಸಿಕೊಟ್ಟಿತು. ಸುರಂಗವು ಆ ಮಟ್ಟವನ್ನು ಕಾಯ್ದುಕೊಂಡಿತು. ದಿಣ್ಣೆಯನ್ನು ಬಳಸಿ ಹೋಗಿದ್ದರೆ ನಾಲೆ ಉದ್ದವಾಗಿ, ಹರಿವಿಗೆ ಬೇಕಾದ ಇಳಿಜಾರಿನಲ್ಲಿಯೇ ಎತ್ತರವೆಲ್ಲ ಕರಗಿ, ಕೆಳಗಿನ ಹೊಲಗಳಿಗೆ ಮಾತ್ರ ನೀರು ದಕ್ಕುತ್ತಿತ್ತು. ಕೊರೆದು ನೇರವಾಗಿ ಹೋದುದರಿಂದ ಎತ್ತರ ಉಳಿದು, ಬಯಲಿನ ವಿಸ್ತಾರವಾದ ಭಾಗ ನಾಲೆಯ ಕೆಳಗೆ ಬಂದಿತು. ಗಾರೆಗೆ ಸುಣ್ಣದೊಡನೆ ಇಟ್ಟಿಗೆಯ ಪುಡಿಯಾದ ಸುರ್ಕಿ ಬೆರೆಸುವುದು ಆ ಕಾಲದ ಕ್ರಮ. ನೀರಿನಲ್ಲಿಯೂ ಗಟ್ಟಿಗೊಳ್ಳುವ ಗುಣ ಅದಕ್ಕಿದೆ. ಅಲಂಕಾರಕ್ಕೆ ಇಲ್ಲಿ ಅವಕಾಶವಿಲ್ಲ. ಇಳಿಜಾರಿನ ಲೆಕ್ಕದ ಖಚಿತತೆಯೇ ಈ ಕಟ್ಟಡದ ಸೌಂದರ್ಯ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾದುದಕ್ಕೆ ಈ ನಾಲೆಯ ಕಬ್ಬೇ ಆಧಾರ. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯೂ ಆಯಿತು.

ಇಷ್ಟರಿಂದಲೇ ವಿಮರ್ಶೆ ಮುಗಿಯದು. ಸುರಂಗವನ್ನು ಅದರ ಬಾಯಿಯಲ್ಲಿ ನಿಂತು ನೋಡುವಂತೆ ನಾಲೆಯ ಕೊನೆಯಲ್ಲಿ ನಿಂತೂ ನೋಡಬೇಕು. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಂತಹ ಸೀಮೆಗೆ ಈ ನೀರು ದೂರದ ಬಂಧು. ಹುಲಿಕೆರೆ, ಚಿಕ್ಕರಸಿನಕೆರೆ ಎಂಬೆರಡು ಹೆಸರುಗಳೂ ಕೆರೆಯನ್ನೇ ಹೇಳುತ್ತವೆ. ಕೆರೆಯ ನೀರು ಊರವರ ಕಣ್ಣೆದುರಿನದು. ಅದರ ತೂಬನ್ನು ತೆರೆಯುವ ವಿವೇಚನೆಯೂ ಊರಿನದು. ನಾಲೆಯ ನೀರಾದರೋ ದೂರದ ನಿರ್ಣಯಕ್ಕೆ ಅಧೀನ. ಮಳೆ ಕೊರತೆಯಾದ ವರ್ಷಗಳಲ್ಲಿ ಕಟ್ಟು ಪದ್ಧತಿಯಂತೆ ಸರದಿಯಲ್ಲಿ ನೀರು ಬಿಡುವಾಗ, ಮೇಲಿನವನ ತೃಪ್ತಿಯ ಅನಂತರವೇ ಕೊನೆಯವನ ಪಾಲು. ಇಡೀ ಬಯಲಿಗೆ ಹುಲಿಕೆರೆಯೇ ಕಂಠಪ್ರಾಯ. ಅಲ್ಲಿ ಹೂಳು ತುಂಬಿದರೆ, ಕಲ್ಲು ಕಳಚಿದರೆ, ಮೊದಲು ಒಣಗುವುದು ಕೊನೆಯವನ ಗದ್ದೆ. ಸಹಸ್ರಾರು ಎಕರೆಗಳಿಗೆ ಒಂದೇ ಕಂಠವನ್ನು ಕೊಟ್ಟುದು ಈ ರಚನೆಯ ಶಕ್ತಿಯೂ ಹೌದು, ಅದರ ದೌರ್ಬಲ್ಯವೂ ಹೌದು. ಸ್ತುತಿಪರ ಬರಹಗಳು ಈ ಎರಡನೆಯ ಮುಖವನ್ನು ಕಾಣಲೊಲ್ಲವು.

ಆದುದರಿಂದ ಹುಲಿಕೆರೆಯ ಸುರಂಗಕ್ಕೆ ನಾವು ಬಯಸುವ ಗೌರವ ಬಿರುದಿನದಲ್ಲ. ಅದರ ಅಳತೆ, ನಕ್ಷೆ, ಗಾರೆಯ ಪರೀಕ್ಷೆ, ದುರಸ್ತಿಗಳ ವಿವರ ಇವು ದೇವಾಲಯದ ಶಾಸನಗಳಷ್ಟೇ ಶ್ರದ್ಧೆಯಿಂದ ಸಂಗ್ರಹವಾಗಬೇಕು. ಅಚ್ಚುಕಟ್ಟಿನ ಹಿರಿಯರ ನೆನಪುಗಳನ್ನು ಬರೆದಿಡಬೇಕು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ಒಟ್ಟುಗೂಡಿ ಮಾಡಬಹುದಾದ ಕೆಲಸವಿದು. ನೀರು ಎಲ್ಲಿಂದ ಹೊರಟಿತೆಂಬುದನ್ನು ನಾವು ಬಲ್ಲೆವು; ಅದು ಎಲ್ಲಿಯವರೆಗೆ ತಲಪಿತು, ಎಲ್ಲಿ ತಲಪಲಿಲ್ಲ ಎಂಬುದನ್ನೂ ಬರೆದಾಗಲೇ ಈ ಸುರಂಗದ ಚರಿತ್ರೆ ಪೂರ್ಣವಾಗುವುದು.