ಡ್ರಾಯರಿನಿಂದ ಹೊರಬಿದ್ದ ಕಾರ್ಡುಗಳು

ಇಂಡಿ ತಾಲ್ಲೂಕಿನ ಅಗರಖೇಡದ ಆದ್ಯ ರಂಗಾಚಾರ್ಯರು ನಾಟಕ ಬರೆದದ್ದು ಶ್ರೀರಂಗ ಎಂಬ ಹೆಸರಿನಲ್ಲಿ. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿಯವರು ಕನ್ನಡಿಗರಿಗೆ ಮಧುರಚೆನ್ನರು. ಓದುಗ ಯಾವ ಹೆಸರು ಹಿಡಿದು ಬಂದರೂ ಅವನನ್ನು ಪುಸ್ತಕದವರೆಗೆ ಮುಟ್ಟಿಸುತ್ತಿದ್ದದ್ದು ಗ್ರಂಥಾಲಯದ ಮರದ ಡ್ರಾಯರುಗಳಲ್ಲಿದ್ದ, ಮೂರು ಇಂಚು ಎತ್ತರ ಐದು ಇಂಚು ಅಗಲದ ಕಾರ್ಡುಗಳು. ‘ಆದ್ಯ ರಂಗಾಚಾರ್ಯ: ಶ್ರೀರಂಗ ನೋಡಿ’ ಎಂಬ ಒಂದೇ ಸಾಲಿಗೂ ಅಲ್ಲೊಂದು ಪ್ರತ್ಯೇಕ ಕಾರ್ಡು ಸಲ್ಲುತ್ತಿತ್ತು.

ಆ ಕಾಲ ಮುಗಿಯಿತು. ಜಗತ್ತಿನ ಗ್ರಂಥಾಲಯಗಳಿಗೆ ಕಾರ್ಡು ಮುದ್ರಿಸಿ ಕಳಿಸುತ್ತಿದ್ದ ಅಮೆರಿಕದ ಒಸಿಎಲ್‌ಸಿ ಸಂಸ್ಥೆ 2015ರ ಅಕ್ಟೋಬರ್ 1ರಂದು ಕೊನೆಯ ಕಂತನ್ನು ಮುದ್ರಿಸಿತು. ನಮ್ಮಲ್ಲಿ ಇ-ಗ್ರಂಥಾಲಯ, ಕೋಹಾದಂಥ ತಂತ್ರಾಂಶಗಳು ಬಂದಿವೆ.

ಈ ಬದಲಾವಣೆಯ ಲಾಭ ದೊಡ್ಡದು. ಒಂದು ಡ್ರಾಯರಿನ ಮುಂದೆ ಒಬ್ಬರೇ ನಿಲ್ಲಬೇಕಿತ್ತು. ತಪ್ಪು ಜಾಗಕ್ಕೆ ಸೇರಿದ ಕಾರ್ಡಿನೊಂದಿಗೆ ಪುಸ್ತಕವೂ ಕಳೆದಂತೆಯೇ. ಸೂಚಿ ಆನ್‌ಲೈನಿನಲ್ಲಿದ್ದರೆ ಸಿಂದಗಿಯ ವಿದ್ಯಾರ್ಥಿನಿ ಮನೆಯಲ್ಲೇ ಕುಳಿತು ಹುಡುಕಬಹುದು.

ಆಕೆಗೆ ಪುಸ್ತಕ ಸಿಗುತ್ತದೆಯೇ ಎಂಬುದು ಮಾತ್ರ ಮಾಹಿತಿ ತುಂಬಿದವರ ಶ್ರದ್ಧೆಯ ಮೇಲೆ ನಿಂತಿದೆ. ಅವಸರದ ಗಣಕೀಕರಣದಲ್ಲಿ ಶೀರ್ಷಿಕೆ, ಲೇಖಕ, ಬೆಲೆ, ನೋಂದಣಿ ಸಂಖ್ಯೆ ಇಷ್ಟೇ ಉಳಿಯುತ್ತವೆ. 1931ರ ‘ಗರತಿಯ ಹಾಡು’ ಹಲಸಂಗಿ ಗೆಳೆಯರು ಕೂಡಿ ಸಂಗ್ರಹಿಸಿದ್ದು. ಒಂದೇ ಹೆಸರು ನಮೂದಾದರೆ ಉಳಿದವರ ದುಡಿಮೆ ಹುಡುಕಾಟದಿಂದಲೇ ಮರೆಯಾಗುತ್ತದೆ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕರ ಹೆಸರನ್ನು ಒಬ್ಬರು ಕಲಬುರ್ಗಿ ಎಂದರೆ ಇನ್ನೊಬ್ಬರು ಕಲ್ಬುರ್ಗಿ ಎನ್ನುತ್ತಾರೆ. ಬಸವನ ಬಾಗೇವಾಡಿಯ ಮಹಾಪುರುಷ ಬಸವಣ್ಣನೂ ಹೌದು, ಬಸವೇಶ್ವರನೂ ಹೌದು. ಊರುಗಳ ಹೆಸರು, ವಿಳಾಸಗಳೂ ಬದಲಾಗುತ್ತವೆ: ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ತಾಳಿಕೋಟಿ ಮುದ್ದೇಬಿಹಾಳದಿಂದ ಬೇರೆಯಾಗಿ ತಾಲ್ಲೂಕಾಯಿತು. ಇದರ ಜೊತೆಗೆ ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ನಮೂದುಗಳು ಇಂದಿನ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ದೋಷ ಯಂತ್ರದ್ದಲ್ಲ. ಒಬ್ಬರ ಹಲವು ಹೆಸರುಗಳನ್ನು ಒಂದೆಡೆ ಜೋಡಿಸುವ ಅನುಕೂಲ ಕೋಹಾದಲ್ಲೇ ಇದೆ; ಅದನ್ನು ತುಂಬಲು ತರಬೇತಾದ ಕೈ ಮತ್ತು ಸಮಯ ಬೇಕು. ಓದುಗನ ಸಮಯ ಉಳಿಸಬೇಕೆಂದು 1931ರಲ್ಲೇ ಸೂತ್ರ ಬರೆದ, 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ ಎಸ್. ಆರ್. ರಂಗನಾಥನ್ ಅವರ ನಾಡಿನಲ್ಲಿ ಈ ಕೆಲಸವನ್ನು ಬರೀ ಡೇಟಾ ಎಂಟ್ರಿ ಎಂದು ಗುತ್ತಿಗೆಗೆ ಕೊಡುವುದು ಸರಿಯಲ್ಲ.

ಕಾರ್ಡುಗಳನ್ನು ಎಸೆದಾಗ ಅವುಗಳ ಮೇಲಿನ ಕೈಬರಹದ ಟಿಪ್ಪಣಿ, ಅಡ್ಡ ಉಲ್ಲೇಖಗಳೂ ಹೋಗುತ್ತವೆ ಎಂದು ಅಮೆರಿಕದ ಲೇಖಕ ನಿಕೊಲ್ಸನ್ ಬೇಕರ್ 1994ರಲ್ಲೇ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ವಾದಿಸಿದ್ದರು. ಎಲ್ಲ ಕಪಾಟುಗಳನ್ನೂ ಕಾಪಾಡಬೇಕಿಲ್ಲ. ರದ್ದಿಗೆ ಹಾಕುವ ಮುನ್ನ ಪ್ರತಿ ಕಾರ್ಡಿನ ಎರಡೂ ಬದಿಯ ಚಿತ್ರ ತೆಗೆದಿಟ್ಟು, ‘ನೋಡಿ’ ಕಾರ್ಡುಗಳನ್ನು ಮೊದಲು ಕಂಪ್ಯೂಟರಿಗೆ ಏರಿಸಬೇಕು. ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೂ ಇದು ಮೀರಿದ ಕೆಲಸವಲ್ಲ.